ಕಾಡುದಾರಿಯ ಕಾರು ರ್ಯಾಲಿ: ನೋಡಲು ಹೊರಡುವ ಮುನ್ನ

ವಿರೂಪಾಕ್ಷಿಪುರ (ಚನ್ನಪಟ್ಟಣ ತಾ.): ಚನ್ನಪಟ್ಟಣದಿಂದ ವಿರೂಪಾಕ್ಷಿಪುರ ಹೋಬಳಿಯ ಹಳ್ಳಿಗಳತ್ತ ಹೊರಟರೆ ಡಾಂಬರು ರಸ್ತೆಯಿಂದ ಕವಲೊಡೆಯುವ ಮಣ್ಣಿನ ದಾರಿಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಒಂದು ಬದಿಗೆ ಮಾವಿನ ತೋಪು, ಹಿಪ್ಪುನೇರಳೆ ತೋಟ, ತೆಂಗು. ಇನ್ನೊಂದು ಬದಿಗೆ ಬಂಡೆಗಲ್ಲಿನ ಗುಡ್ಡ, ಕುರುಚಲು ಕಾಡು. ತಿರುವು, ಏರು, ಇಳಿಜಾರು, ಕೆಮ್ಮಣ್ಣು, ಹೀಗೆ ಕಾರು ರ್ಯಾಲಿಯೊಂದಕ್ಕೆ ಬೇಕಾದುದೆಲ್ಲವೂ ಇಲ್ಲಿದೆ. ರಾಜಧಾನಿಗೆ ಇಷ್ಟು ಸಮೀಪದಲ್ಲಿರುವ ಈ ದಾರಿಗಳಲ್ಲಿ ರ್ಯಾಲಿಯನ್ನೇಕೆ ನಡೆಸಬಾರದು ಎಂಬ ಪ್ರಶ್ನೆ ಮೋಟಾರು ಕ್ರೀಡೆಯ ಆಸಕ್ತರಿಗೆ ಹೊಳೆಯುವುದು ಸಹಜ.

ಉತ್ತರ ಸಂಜೆಯ ಹೊತ್ತಿಗೆ ತಾನಾಗಿಯೇ ದೊರೆಯುತ್ತದೆ. ಕಾವೇರಿ ವನ್ಯಜೀವಿ ಧಾಮದ ಕಡೆಯಿಂದ ಕಬ್ಬಾಳು, ತೆಂಗಿನಕಲ್ಲು ಅರಣ್ಯಗಳ ಮೂಲಕ ಬರುವ ಕಾಡಾನೆಗಳು ತಾಲ್ಲೂಕಿನ ಹೊಲ, ತೋಟಗಳಿಗೆ ಇಳಿಯುವುದು ಹಲವು ವರ್ಷಗಳಿಂದ ನಡೆದು ಬಂದಿದೆ. ಹಗಲಿನಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ದಾರಿಯಾಗಿರುವುದು ಇರುಳಿನಲ್ಲಿ ಆನೆಗಳ ದಾರಿಯಾಗುತ್ತದೆ. ಬೆಳೆ ಉಳಿಸಿಕೊಳ್ಳಲು ರಾತ್ರಿಯಿಡೀ ಕಾವಲು ಕೂರುವ ರೈತನಿಗೆ ಆ ರಸ್ತೆಯ ಬಗ್ಗೆ ಇರುವ ತಿಳಿವಳಿಕೆ ನಗರದಿಂದ ಬಂದವನಿಗೆ ಇರುವುದಿಲ್ಲ.

ಈ ಪೀಠಿಕೆಗೆ ಕಾರಣವಿದೆ. ‘ಕಾಡಿನ ರ್ಯಾಲಿ’ ನೋಡಲು ಹೊರಡುವವರಲ್ಲಿ ಅನೇಕರು ಮೊದಲು ಎಡವುವುದು ಇಲ್ಲಿಯೇ. ಕರ್ನಾಟಕದಲ್ಲಿ ಕಾಡಿನ ರ್ಯಾಲಿ ಎಂದು ಕರೆಯಲ್ಪಡುವುದು ಸರ್ಕಾರಿ ಕಾಡಿನಲ್ಲಿ ನಡೆಯುವುದಲ್ಲ. ಅದು ಯಾರದೋ ತೋಟದ ದಾರಿಯಲ್ಲಿ, ಯಾವುದೋ ಹಳ್ಳಿಯ ಬಂಡಿಜಾಡಿನಲ್ಲಿ, ಆ ಒಂದೆರಡು ದಿನಗಳ ಮಟ್ಟಿಗೆ ಅನುಮತಿ ಪಡೆದು ನಡೆಯುವ ಸ್ಪರ್ಧೆ. ನೋಡಲು ಹೋಗುವವರು ಅಲ್ಲಿ ಅತಿಥಿಗಳು. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ತಲುಪಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲವೂ ಈ ಒಂದು ಸಂಗತಿಯನ್ನು ಅವಲಂಬಿಸಿದೆ.

ಕಾಡು ಬೇರೆ, ತೋಟ ಬೇರೆ

1963ರ ಕರ್ನಾಟಕ ಅರಣ್ಯ ಕಾಯ್ದೆ ಹಾಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೀಸಲು ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಮನಬಂದಂತೆ ವಾಹನ ನುಗ್ಗಿಸುವಂತಿಲ್ಲ. ರಾಮನಗರ ಸೀಮೆಯನ್ನೇ ತೆಗೆದುಕೊಂಡರೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮ ಒಂದು ಕಡೆ, 2012ರಲ್ಲಿ ಘೋಷಣೆಯಾದ ರಾಮದೇವರಬೆಟ್ಟದ ರಣಹದ್ದು ಧಾಮ ಇನ್ನೊಂದು ಕಡೆ. ಇವುಗಳ ನಡುವೆ ಹರಡಿರುವ ಮೀಸಲು ಅರಣ್ಯದ ತುಣುಕುಗಳು ಆನೆ, ಚಿರತೆ, ಕರಡಿಗಳ ಓಡಾಟದ ನೆಲ. ರ್ಯಾಲಿ ಕಾರಿನ ಸದ್ದಿಗೆ ಇಲ್ಲಿ ಎಡೆಯಿಲ್ಲ, ಇರಬಾರದು ಕೂಡ.

ಸಾರ್ವಜನಿಕ ರಸ್ತೆಯ ಮಟ್ಟಿಗೆ ಕಾನೂನು ಇನ್ನೂ ಸ್ಪಷ್ಟ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದೂ, ಅದರಲ್ಲಿ ಭಾಗವಹಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿ ಸಿಕ್ಕಿಬಿದ್ದವರಿಗೆ 3 ತಿಂಗಳವರೆಗೆ ಸೆರೆವಾಸ ಅಥವಾ 5 ಸಾವಿರ ರೂ.ವರೆಗೆ ದಂಡ ಇಲ್ಲವೇ ಎರಡೂ, ಪುನರಾವರ್ತನೆಯಾದಲ್ಲಿ ಒಂದು ವರ್ಷದವರೆಗೆ ಸೆರೆವಾಸ ಅಥವಾ 10 ಸಾವಿರ ರೂ.ವರೆಗೆ ದಂಡ ಇಲ್ಲವೇ ಎರಡೂ ಉಂಟು. ಆದ್ದರಿಂದ ವಾರಾಂತ್ಯದಲ್ಲಿ ನಾಲ್ಕಾರು ಜೀಪುಗಳು ಗುಡ್ಡ ಹತ್ತಿದ್ದನ್ನು ‘ರ್ಯಾಲಿ’ ಎಂದು ಯಾರಾದರೂ ಕರೆದರೆ ನಂಬಬೇಕಿಲ್ಲ. ಅಧಿಕೃತ ರ್ಯಾಲಿಗೆ ದೇಶದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಭಾರತೀಯ ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟದ ಮಾನ್ಯತೆ ಇರುತ್ತದೆ. 1971ರಲ್ಲಿ ಸ್ಥಾಪಿತವಾದ ಈ ಒಕ್ಕೂಟವನ್ನು ‘ಎಫ್‌ಎಂಎಸ್‌ಸಿಐ’ ಎಂಬ ಹೆಸರಿನಿಂದಲೇ ಕ್ರೀಡಾ ವಲಯ ಬಲ್ಲದು.

ಹೀಗಾಗಿ ಆಯೋಜಕರು ಮೊರೆಹೋಗುವುದು ಮಲೆನಾಡಿನ ಕಾಫಿ ತೋಟಗಳಿಗೆ ಮತ್ತು ಬಯಲುಸೀಮೆಯ ಹಳ್ಳಿದಾರಿಗಳಿಗೆ. ಕಾಫಿ ಗಿಡಕ್ಕೆ ನೆರಳು ಬೇಕು. ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಕೆಳಗೆ ಹಾವಿನಂತೆ ಹರಿಯುವ ತೋಟದ ರಸ್ತೆ ನೋಡುಗನ ಕಣ್ಣಿಗೆ ಕಾಡೇ ಆಗಿ ತೋರುತ್ತದೆ. ಮೇಲಾಗಿ ಅದಕ್ಕೆ ಗೇಟು ಇರುತ್ತದೆ. ರಸ್ತೆಯನ್ನು ಪೂರ್ತಿಯಾಗಿ ಮುಚ್ಚಬಲ್ಲ ಸೌಕರ್ಯ ಹಳ್ಳಿಯ ಬಯಲಿನಲ್ಲಿ ಸುಲಭವಾಗಿ ದೊರೆಯುವುದಿಲ್ಲ.

ರಾಜ್ಯದ ರ್ಯಾಲಿಗಳು

ಕರ್ನಾಟಕದ ರ್ಯಾಲಿ ಪರಂಪರೆಯಲ್ಲಿ ಮೊದಲು ಹೇಳಬೇಕಾದ ಹೆಸರು ಕೆ-1000. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸಿಕೊಂಡು ಬಂದಿರುವ, 1970ರ ದಶಕದಲ್ಲಿ ಹುಟ್ಟಿದ ಈ ರ್ಯಾಲಿ ದೇಶದ ಹಳೆಯ ರ್ಯಾಲಿಗಳ ಸಾಲಿಗೆ ಸೇರಿದ್ದು. ಅಂದು ಮಾರುಕಟ್ಟೆಯಲ್ಲಿ ಇದ್ದ ಕಾರುಗಳೇ ಬೆರಳೆಣಿಕೆಯಷ್ಟು. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಕಾರುಗಳನ್ನು ಬಿಟ್ಟರೆ ಆಯ್ಕೆಯೇ ಇರದ ಕಾಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800, ಅದರ ಹಿಂದೆಯೇ 1985ರಲ್ಲಿ ಜಿಪ್ಸಿ ಬಂದ ಮೇಲೆ ರ್ಯಾಲಿಯ ವೇಗವೂ ಸ್ವರೂಪವೂ ಬದಲಾದವು. 1988ರಲ್ಲಿ ಭಾರತೀಯ ರಾಷ್ಟ್ರೀಯ ರ್ಯಾಲಿ ಚಾಂಪಿಯನ್‌ಶಿಪ್ ಆರಂಭವಾಯಿತು. ಕೆ-1000 ಆ ಚಾಂಪಿಯನ್‌ಶಿಪ್‌ನ ಸುತ್ತಾಗಿ ತುಮಕೂರು ಸುತ್ತಮುತ್ತಲಿನ ಮಣ್ಣಿನ ರಸ್ತೆಗಳಲ್ಲಿ ನಡೆದಿದೆ.

ಚಿಕ್ಕಮಗಳೂರಿನ ರ್ಯಾಲಿಯದು ಬೇರೆಯೇ ಬಗೆಯ ಕಥೆ. 2010ರ ದಶಕದಲ್ಲಿ ಕಾಫಿ ಡೇ ಪ್ರಾಯೋಜಕತ್ವದಲ್ಲಿ ಇಲ್ಲಿನ ತೋಟಗಳಲ್ಲಿ ನಡೆದ ಸುತ್ತುಗಳು ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಭಾಗವಾಗಿದ್ದವು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಜಪಾನ್‌ಗಳಲ್ಲಿ ಓಡಿದ ಕಾರುಗಳೇ ಹಡಗೇರಿ ಬಂದು ಮಲೆನಾಡಿನ ಕೆಮ್ಮಣ್ಣಿನಲ್ಲಿ ಓಡಿದವು. ಎಂಆರ್‌ಎಫ್ ತಂಡದ ಸ್ಕೋಡಾ ಫಾಬಿಯಾ ಕಾರಿನಲ್ಲಿ ದೆಹಲಿಯ ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಗೆದ್ದರು. 2019ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದ ಅವರು ಆ ಗೌರವ ಪಡೆದ ಮೊದಲ ಮೋಟಾರು ಕ್ರೀಡಾಪಟು. ಭಾರತದ ರ್ಯಾಲಿಗಳಲ್ಲಿ ಅವರ ಪಕ್ಕದ ಆಸನದಲ್ಲಿ ಕುಳಿತು ದಾರಿ ಹೇಳಿದವರು ಕಾಸರಗೋಡು ಜಿಲ್ಲೆಯ ಮೂಸಾ ಶರೀಫ್. ಗೆದ್ದ ಚಾಲಕನ ಹೆಸರು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಸಹಚಾಲಕನದು ಆವರಣ ಚಿಹ್ನೆಯೊಳಗೆ. ಇದು ಅನ್ಯಾಯ ಎಂಬುದನ್ನು ರ್ಯಾಲಿಯನ್ನು ಒಮ್ಮೆ ನೋಡಿದವರು ಒಪ್ಪುತ್ತಾರೆ.

ಏಕೆಂದರೆ ರ್ಯಾಲಿಯಲ್ಲಿ ಚಾಲಕನಿಗೆ ಮುಂದಿನ ತಿರುವು ಕಾಣುವುದಿಲ್ಲ. ಸ್ಪರ್ಧೆಗೆ ಮೊದಲು ಇಬ್ಬರೂ ಸಾಮಾನ್ಯ ಕಾರಿನಲ್ಲಿ, ನಿಗದಿತ ಮಿತವೇಗದಲ್ಲಿ ದಾರಿಯನ್ನು ಕ್ರಮಿಸಿ ಪ್ರತಿ ತಿರುವಿಗೂ ಒಂದು ಅಂಕಿ, ಪ್ರತಿ ಏರಿಗೂ ಒಂದು ಗುರುತು ಹಾಕಿಕೊಳ್ಳುತ್ತಾರೆ. ಸ್ಪರ್ಧೆಯ ದಿನ ಸಹಚಾಲಕ ಆ ಟಿಪ್ಪಣಿಯನ್ನು ಓದುತ್ತಾ ಹೋಗುತ್ತಾನೆ. ಚಾಲಕ ಕಿವಿಯ ಮೇಲೆ ಭರವಸೆಯಿಟ್ಟು ಕಾರು ಓಡಿಸುತ್ತಾನೆ. ಆ ಟಿಪ್ಪಣಿಯಲ್ಲಿ ದಾರಿಗಿಳಿದ ಪ್ರೇಕ್ಷಕನ ಬಗ್ಗೆ ಏನೂ ಇರುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ರ್ಯಾಲಿಯು ಎರಡು ಬಗೆಯ ದಾರಿಗಳಿಂದ ಕೂಡಿರುತ್ತದೆ. ಮುಚ್ಚಿದ ರಸ್ತೆಯಲ್ಲಿ ಗಡಿಯಾರದ ವಿರುದ್ಧ ಓಡುವ ಭಾಗಕ್ಕೆ ‘ಸ್ಪೆಷಲ್ ಸ್ಟೇಜ್’ ಎಂದು ಹೆಸರು. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಸಂಚಾರ ನಿಯಮಗಳನ್ನು ಪಾಲಿಸುತ್ತಾ ಸಾಗುವುದು ಸಂಪರ್ಕ ಭಾಗ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ, ಸಮಯಪಾಲನೆಗೆ ಮಾತ್ರ ಬೆಲೆ. ಅಂತಾರಾಷ್ಟ್ರೀಯ ನಿಯಮದಂತೆ ಸಮಯ ತನಿಖಾ ಕೇಂದ್ರಕ್ಕೆ ಒಂದು ನಿಮಿಷ ತಡವಾದರೆ 10 ಸೆಕೆಂಡು ದಂಡ. ಒಂದು ನಿಮಿಷ ಬೇಗ ಬಂದರೆ ಪೂರ್ತಿ ಒಂದು ನಿಮಿಷ ದಂಡ. ಬೇಗ ಬಂದವನಿಗೆ ಹೆಚ್ಚು ಶಿಕ್ಷೆ ಕೊಡುವ ಕ್ರೀಡೆ ಬಹುಶಃ ಇದೊಂದೇ. ಹಳ್ಳಿಯ ರಸ್ತೆಯಲ್ಲಿ ಯಾರೂ ಅವಸರಪಡಬಾರದೆಂಬುದೇ ಇದರ ಉದ್ದೇಶ.

ಎಲ್ಲ ರ್ಯಾಲಿಗಳೂ ಹೀಗಿರುವುದಿಲ್ಲ. ಕ್ಲಬ್‌ಗಳು, ಸಂಘ ಸಂಸ್ಥೆಗಳು ನಡೆಸುವ ಹಲವು ರ್ಯಾಲಿಗಳು ‘ಟಿಎಸ್‌ಡಿ’ ಬಗೆಯವು. ಅಂದರೆ ತೆರೆದ ರಸ್ತೆಯಲ್ಲಿ ನಿಗದಿತ ಸರಾಸರಿ ವೇಗವನ್ನು ಕಾಯ್ದುಕೊಳ್ಳುವ ಸ್ಪರ್ಧೆ. ಭಾಗವಹಿಸುವವರಿಗೆ ಅದು ಸೊಗಸಾದ ಲೆಕ್ಕಾಚಾರ, ನೋಡುವವರಿಗೆ ಹೆಚ್ಚೇನೂ ಇಲ್ಲ. ದೂರದಿಂದ ಹೊರಡುವವರು ನಡೆಯಲಿರುವುದು ಯಾವ ಬಗೆಯ ರ್ಯಾಲಿ ಎಂದು ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಹಳೆಯ ಕಾರುಗಳು, ಹಳೆಯ ದಾರಿಗಳು

‘ಐತಿಹಾಸಿಕ ರ್ಯಾಲಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕೆ-1000ರಂತೆ ದೀರ್ಘ ಇತಿಹಾಸವುಳ್ಳ ರ್ಯಾಲಿ ಎಂಬುದು ಒಂದು. ಹಳೆಯ ಕಾರುಗಳನ್ನೇ ಓಡಿಸುವ ರ್ಯಾಲಿ ಎಂಬುದು ಇನ್ನೊಂದು. ಎರಡನೆಯದು ಬ್ರಿಟನ್‌ನಲ್ಲಿ ಬಹಳ ಜನಪ್ರಿಯ. 1932ರಲ್ಲಿ ಆರಂಭವಾದ ಅಲ್ಲಿನ ಆರ್‌ಎಸಿ ರ್ಯಾಲಿ ಮೊದಲ ಹಲವು ವರ್ಷ ಸಾಮಾನ್ಯ ರಸ್ತೆಗಳಲ್ಲೇ ನಡೆಯಿತು. 1960ರಲ್ಲಿ ಸಂಘಟಕ ಜಾಕ್ ಕೆಮ್ಸ್ಲಿ ಅವರು ಅರಣ್ಯ ಆಯೋಗದ ಮನವೊಲಿಸಿ ಸ್ಕಾಟ್ಲೆಂಡ್‌ನ ಒಂದು ಕಾಡುದಾರಿಯನ್ನು ಸ್ಪರ್ಧೆಗೆ ತೆರೆಸಿದರು. ಆ ವರ್ಷ ಗೆದ್ದವರು ಸಾಬ್ ಕಾರಿನ ಎರಿಕ್ ಕಾರ್ಲ್‌ಸನ್. ಅಲ್ಲಿಂದಾಚೆಗೆ ಬ್ರಿಟನ್‌ನ ರ್ಯಾಲಿ ಎಂದರೆ ಕಾಡಿನ ರ್ಯಾಲಿ ಎಂದೇ ಆಯಿತು. 1972 ಹಾಗೂ 1976ರಲ್ಲಿ ಫೋರ್ಡ್ ಎಸ್ಕಾರ್ಟ್ ಓಡಿಸಿ ಅದನ್ನು ಗೆದ್ದ ರೋಜರ್ ಕ್ಲಾರ್ಕ್ ಅವರ ನೆನಪಿನಲ್ಲಿ 2004ರಿಂದ ಹಳೆಯ ಕಾರುಗಳಿಗಾಗಿಯೇ ರೋಜರ್ ಆಲ್ಬರ್ಟ್ ಕ್ಲಾರ್ಕ್ ರ್ಯಾಲಿ ನಡೆಯತೊಡಗಿತು. ಅಲ್ಲಿನ ಕಾಡುಗಳು ಮರದ ದಿಮ್ಮಿಗಾಗಿ ನೆಟ್ಟು ಬೆಳೆಸಿದ ನೆಡುತೋಪುಗಳು ಎಂಬುದನ್ನು ಮರೆಯಬಾರದು. ದಿಮ್ಮಿ ಸಾಗಿಸಲು ಹಾಕಿದ ರಸ್ತೆಗಳೇ ರ್ಯಾಲಿಗೂ ಒದಗುತ್ತವೆ. ನಮ್ಮ ಬಂಡೀಪುರಕ್ಕೋ ಭದ್ರಾಕ್ಕೋ ಅದನ್ನು ಹೋಲಿಸುವುದು ಸರಿಯಲ್ಲ. ಕಾಫಿ ತೋಟಕ್ಕೆ ಹೋಲಿಸಬಹುದು.

ಆಫ್ರಿಕಾದ ಸಫಾರಿ ರ್ಯಾಲಿ ಹುಟ್ಟಿದ್ದು 1953ರಲ್ಲಿ. ಕೀನ್ಯಾದ ಸಿಖ್ ಚಾಲಕ ಜೋಗಿಂದರ್ ಸಿಂಗ್ ಅದನ್ನು 1965, 1974, 1976ರಲ್ಲಿ ಗೆದ್ದು ಮನೆಮಾತಾದರು. ಅಲ್ಲಿಯೂ ಹಳೆಯ ಕಾರುಗಳಿಗಾಗಿ 2003ರಲ್ಲಿ ಪ್ರತ್ಯೇಕ ರ್ಯಾಲಿ ಆರಂಭವಾಯಿತು. ಭಾರತದಲ್ಲಿ 1980ರಲ್ಲಿ ನಜೀರ್ ಹುಸೇನ್ ಅವರು ಆರಂಭಿಸಿದ ಹಿಮಾಲಯನ್ ರ್ಯಾಲಿ ಆ ದಶಕದಲ್ಲಿ ವಿದೇಶಿ ಚಾಲಕರನ್ನೂ ಸೆಳೆದಿತ್ತು. ಈಗ ಅದು ನೆನಪಷ್ಟೇ.

ನಮ್ಮಲ್ಲಿ ಹಳೆಯ ಕಾರುಗಳು ಕಾಡಿನ ಮಣ್ಣಿಗೆ ಇಳಿಯುವುದು ವಿರಳ. ಅವು ಕಾಣಸಿಗುವುದು ವಿಂಟೇಜ್ ಕಾರುಗಳ ಮೆರವಣಿಗೆಯಂಥ ರ್ಯಾಲಿಗಳಲ್ಲಿ. ಇದಕ್ಕೂ ಕಾನೂನು ಬಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪ ಕೆಡದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20 ಸಾವಿರ ರೂ., ಮರುನೋಂದಣಿಗೆ 5 ಸಾವಿರ ರೂ. ಶುಲ್ಕ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಇಂಥ ವಾಹನವನ್ನು ಪ್ರದರ್ಶನ, ಸಂಶೋಧನೆ, ವಿಂಟೇಜ್ ರ್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಅಲ್ಲ. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ 1919ರಿಂದ 1930ರವರೆಗಿನ ಕಾರುಗಳಷ್ಟೇ ವಿಂಟೇಜ್. ನಮ್ಮ ನಿಯಮದ ಪ್ರಕಾರ ತಾತನ ಕಾಲದ ಅಂಬಾಸಿಡರ್ ಕೂಡ ವಿಂಟೇಜ್ ಆಗಬಲ್ಲದು. ಮನೆಯ ಶೆಡ್‌ನಲ್ಲಿ ಧೂಳು ತಿನ್ನುತ್ತಿರುವ ಕಾರಿನ ಬಗ್ಗೆ ಓದುಗರು ಮರುಚಿಂತನೆ ಮಾಡಬಹುದು.

ಹಳೆಯ ಕಾರು ನೋಡುವುದಷ್ಟೇ ಆಸೆಯಾದರೆ ರ್ಯಾಲಿಯ ದಿನಾಂಕಕ್ಕೆ ಕಾಯಬೇಕಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳ ಸಂಗ್ರಹ ಪ್ರಸಿದ್ಧ. ಮೈಸೂರು ರಸ್ತೆಯಲ್ಲಿ ಸಾಗುವವರಿಗೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ವಸ್ತುಸಂಗ್ರಹಾಲಯ ಹತ್ತಿರ.

ಸಿದ್ಧತೆ ಹೇಗೆ?

ರ್ಯಾಲಿಗೆ ಕ್ರೀಡಾಂಗಣವಿಲ್ಲ, ಆಸನ ಸಂಖ್ಯೆಯಿಲ್ಲ. ಹೀಗಾಗಿ ಮಾಹಿತಿಯೇ ಟಿಕೆಟ್ಟು. ಒಕ್ಕೂಟ ಪ್ರಕಟಿಸುವ ವರ್ಷದ ವೇಳಾಪಟ್ಟಿಯಲ್ಲಿ ಸುತ್ತುಗಳ ತಿಂಗಳು, ಊರು ತಿಳಿಯುತ್ತವೆ. ಆದರೆ ಮಳೆ, ಚುನಾವಣೆ, ಅನುಮತಿ ಮೊದಲಾದ ಕಾರಣಗಳಿಂದ ದಿನಾಂಕ ಮುಂದೆ ಹೋಗುವುದು, ಸುತ್ತು ಬೇರೆ ಊರಿಗೆ ವರ್ಗವಾಗುವುದು ಸಾಮಾನ್ಯ. ವಸತಿಗೃಹಕ್ಕೆ ಮುಂಗಡ ಕಟ್ಟುವ ಮುನ್ನ ಆಯೋಜಕ ಕ್ಲಬ್‌ನಿಂದ ದಿನಾಂಕವನ್ನು ಖಚಿತಪಡಿಸಿಕೊಳ್ಳಬೇಕು. ಈ ಎಚ್ಚರಿಕೆ ಪಾಲಿಸದೆ ಖಾಲಿ ಮೈದಾನ ನೋಡಿಕೊಂಡು ಮರಳಿದವರು ಪತ್ರಕರ್ತರಲ್ಲೂ ಇದ್ದಾರೆ.

ಸ್ಟೇಜ್‌ಗಳ ನಕ್ಷೆ, ರಸ್ತೆ ಮುಚ್ಚುವ ವೇಳೆ, ಪ್ರೇಕ್ಷಕರಿಗೆ ಗೊತ್ತುಪಡಿಸಿದ ಸ್ಥಳ, ಇವು ಮೂರೂ ಕೈಗೆ ಸಿಗುವುದು ರ್ಯಾಲಿ ಹತ್ತಿರ ಬಂದ ಮೇಲೆಯೇ. ತೋಟದ ಹೆಸರು ಗೊತ್ತಿದೆ ಎಂದು ಮೊದಲೇ ಹೋಗಿ ಗೇಟಿನ ಮುಂದೆ ನಿಲ್ಲುವುದು ವ್ಯರ್ಥ. ತೋಟದ ರೈಟರ್‌ಗೆ ಅಪರಿಚಿತರನ್ನು ಒಳಬಿಡುವ ಅಧಿಕಾರವಿರುವುದಿಲ್ಲ.

ಬೆಂಗಳೂರಿನಿಂದ ಚಿಕ್ಕಮಗಳೂರು ಸುಮಾರು 245 ಕಿ.ಮೀ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು ಮಾರ್ಗ ಅನುಕೂಲ. ಚನ್ನಪಟ್ಟಣ, ಮದ್ದೂರು ಕಡೆಯವರು ರಾಜಧಾನಿಗೆ ಹಿಂದಿರುಗಬೇಕಿಲ್ಲ; ಮಂಡ್ಯ, ನಾಗಮಂಗಲದ ಮೂಲಕ ಬೆಳ್ಳೂರು ಕ್ರಾಸ್ ಸೇರಿದರೆ ಅದೇ ಹೆದ್ದಾರಿ ಸಿಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ಮುಖ್ಯ ಪಥಗಳಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ. ಬೈಕಿನಲ್ಲಿ ಹೊರಡುವವರು ಪಕ್ಕದ ಸೇವಾ ರಸ್ತೆಯನ್ನೇ ಹಿಡಿಯಬೇಕು. ರೈಲನ್ನು ಬಯಸುವವರಿಗೆ ಕಡೂರು–ಚಿಕ್ಕಮಗಳೂರು ಮಾರ್ಗ 2013ರಿಂದ ತೆರೆದಿದೆ. ಆದರೆ ನಿಲ್ದಾಣದಿಂದ ತೋಟದವರೆಗೆ ಸ್ವಂತ ವಾಹನವೋ ಬಾಡಿಗೆ ಜೀಪೋ ಬೇಕೇ ಬೇಕು. ತುಮಕೂರು ಭಾಗದ ರ್ಯಾಲಿಯಾದರೆ ಬೆಂಗಳೂರಿನವರು ಬೆಳಗಿನ ಜಾವ ಹೊರಟು ರಾತ್ರಿ ಮನೆ ಸೇರಬಹುದು.

ಎರಡು ದಿನಗಳ ರ್ಯಾಲಿಯಲ್ಲಿ ಎಲ್ಲವನ್ನೂ ನೋಡುತ್ತೇನೆಂದು ಹಟ ಹಿಡಿದವರು ಏನನ್ನೂ ನೋಡುವುದಿಲ್ಲ. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಹೋಗುವ ಹಳ್ಳಿರಸ್ತೆ ಕಿರಿದು. ಸ್ಪರ್ಧಿಗಳೂ ಅದೇ ರಸ್ತೆಯಲ್ಲಿ ಸಾಗುತ್ತಿರುತ್ತಾರೆ. ಒಂದೇ ಸ್ಟೇಜನ್ನು ಎರಡು ಬಾರಿ ಓಡಿಸುವ ರೂಢಿ ಇರುವುದರಿಂದ ದಿನಕ್ಕೆ ಒಂದು ಸ್ಥಳ ಹಿಡಿದು ಕೂರುವುದು ಜಾಣತನ. ಮೊದಲ ಓಟದಲ್ಲಿ ನಯವಾಗಿದ್ದ ದಾರಿ ಎರಡನೆಯ ಓಟದ ಹೊತ್ತಿಗೆ ಕೊರೆದು ಹಳ್ಳವಾಗಿರುತ್ತದೆ. ಅದೇ ತಿರುವನ್ನು ಅದೇ ಚಾಲಕ ಬೇರೆ ರೀತಿಯಲ್ಲಿ ಹಿಡಿಯುವುದನ್ನು ನೋಡುವುದರಲ್ಲೇ ರ್ಯಾಲಿಯ ಸ್ವಾರಸ್ಯವಿದೆ. ಮಧ್ಯಾಹ್ನ ಬಿಡುವಿನಲ್ಲಿ ಸರ್ವಿಸ್ ಪಾರ್ಕ್‌ಗೆ ಹೋಗಬಹುದು. ನಿಗದಿತ ನಿಮಿಷಗಳೊಳಗೆ ಮೆಕ್ಯಾನಿಕ್‌ಗಳು ಕಾರಿನ ಅಡಿಗೆ ನುಗ್ಗಿ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಚಿಕ್ಕ ಮಕ್ಕಳಿದ್ದರೆ ಸರ್ವಿಸ್ ಪಾರ್ಕ್ ಹಾಗೂ ಪ್ರೇಕ್ಷಕರಿಗಾಗಿಯೇ ಬಯಲಿನಲ್ಲಿ ಏರ್ಪಡಿಸುವ ‘ಸೂಪರ್ ಸ್ಪೆಷಲ್ ಸ್ಟೇಜ್’ ಇಷ್ಟನ್ನೇ ನೋಡಿ ಬರುವುದು ಉತ್ತಮ.

ಎಲ್ಲಿ ನಿಲ್ಲಬೇಕು?

ರ್ಯಾಲಿ ನೋಡುವುದರಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿಲ್ಲ.

1986ರ ಮಾರ್ಚ್‌ನಲ್ಲಿ ಪೋರ್ಚುಗಲ್ ರ್ಯಾಲಿಯ ವೇಳೆ ದಾರಿಯ ಮೇಲೆಯೇ ಗುಂಪುಗೂಡಿದ್ದ ಜನರನ್ನು ತಪ್ಪಿಸಲು ಹೋದ ಕಾರೊಂದು ಹತೋಟಿ ತಪ್ಪಿ ಪ್ರೇಕ್ಷಕರ ಮೇಲೆ ಹರಿದು ಮೂವರು ಸತ್ತರು. ಗಾಯಗೊಂಡವರು 30ಕ್ಕೂ ಹೆಚ್ಚು. ಅಗ್ರ ಚಾಲಕರು ಒಟ್ಟಾಗಿ ಸ್ಪರ್ಧೆಯಿಂದ ಹಿಂದೆ ಸರಿದರು. ಅದೇ ವರ್ಷ ಮೇ ತಿಂಗಳಲ್ಲಿ ಕಾರ್ಸಿಕಾದಲ್ಲಿ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಸತ್ತ ಮೇಲೆ ‘ಗ್ರೂಪ್ ಬಿ’ ವರ್ಗದ ಅತಿವೇಗದ ಕಾರುಗಳನ್ನೇ ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಗಿಡಲಾಯಿತು.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. 2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಸುತ್ತು ನಡೆಯುತ್ತಿದ್ದಾಗ ಬಾಡ್‌ಮೇರ್ ಜಿಲ್ಲೆಯಲ್ಲಿ ಸ್ಪರ್ಧೆಯ ದಾರಿಗೆ ಬೈಕೊಂದು ಬಂದಿತು. ಗೌರವ್ ಗಿಲ್ ಅವರ ಕಾರು ಡಿಕ್ಕಿಯಾಗಿ ಬೈಕಿನಲ್ಲಿದ್ದ ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ರ್ಯಾಲಿ ಅಲ್ಲಿಗೇ ರದ್ದಾಯಿತು. ಅವರು ರ್ಯಾಲಿ ನೋಡಲು ಬಂದವರಲ್ಲ. ತಾವು ದಿನವೂ ಬಳಸುವ ಮಾದರಿಯ ಹಳ್ಳಿದಾರಿಯಲ್ಲಿ ಸಾಗುತ್ತಿದ್ದವರು. ರ್ಯಾಲಿ ಸಂಘಟನೆಯಲ್ಲಿ ಮುಖ್ಯ ತಿರುವುಗಳಷ್ಟೇ ಅಲ್ಲ, ಪ್ರತಿ ಕವಲುದಾರಿಯ ಬಾಯಲ್ಲೂ ಒಬ್ಬ ಕಾವಲುಗಾರ ಏಕಿರಬೇಕು ಎಂಬುದಕ್ಕೆ ಈ ದುರಂತಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಪ್ರೇಕ್ಷಕರ ಬೈಕು, ಕಾರುಗಳು ಒಳದಾರಿ ಹುಡುಕಿಕೊಂಡು ಸ್ಟೇಜ್‌ಗೆ ನುಗ್ಗುವುದೂ ಇದೇ ಬಗೆಯ ಅಪಾಯ.

ರಸ್ತೆಯನ್ನು ಮೊದಲ ಕಾರು ಬರುವುದಕ್ಕೆ ಬಹಳ ಮುಂಚೆಯೇ ಮುಚ್ಚುತ್ತಾರೆ. ಆ ವೇಳೆಗೂ ಅರ್ಧ ಗಂಟೆ ಮೊದಲು ವಾಹನ ನಿಲ್ಲಿಸಿ ನಡೆದು ಸ್ಥಳ ಸೇರಿರಬೇಕು. ಮುಚ್ಚಿದ ಮೇಲೆ ಸೊನ್ನೆಯ ಅಂಕಿ ಹೊತ್ತ ಕಾರುಗಳು ಹಾದುಹೋಗುತ್ತವೆ: ಮೊದಲು ಮೂರು ಸೊನ್ನೆ, ನಂತರ ಎರಡು, ಕೊನೆಗೆ ಒಂದು. ದಾರಿ ಸುರಕ್ಷಿತವೇ ಎಂದು ನೋಡುವುದು ಇವುಗಳ ಕೆಲಸ. ಒಂಟಿ ಸೊನ್ನೆಯ ಕಾರು ಹೋಯಿತೆಂದರೆ ಮುಂದೆ ಬರುವುದು ಸ್ಪರ್ಧಿಯೇ. ಆಮೇಲೆ ಒಂದೆರಡು ನಿಮಿಷಗಳ ಅಂತರದಲ್ಲಿ ಕಾರುಗಳು ಬರುತ್ತಲೇ ಇರುತ್ತವೆ. ಎರಡು ಕಾರುಗಳ ನಡುವೆ ರಸ್ತೆ ದಾಟಿಬಿಡಬಹುದು ಎಂಬ ಲೆಕ್ಕ ಎಂದೂ ಸಲ್ಲದು. ಹಿಂದಿನ ಕಾರು ಕೆಟ್ಟು ನಿಂತಿರಬಹುದು, ಮುಂದಿನದು ನಿಗದಿಗಿಂತ ಬೇಗ ಬರಬಹುದು.

ತಿರುವಿನ ಹೊರಮಗ್ಗುಲಲ್ಲಿ ನಿಲ್ಲಬಾರದು. ಜಾರಿದ ಕಾರು ಹೋಗುವುದು ಅತ್ತಲೇ. ಒಳಮಗ್ಗುಲು ಕೂಡ ಪೂರ್ತಿ ಸುರಕ್ಷಿತವಲ್ಲ. ಒಳಗಿನ ಕಲ್ಲಿಗೋ ಬೇರಿಗೋ ಚಕ್ರ ತಾಗಿದರೆ ಕಾರು ಮಗುಚುತ್ತದೆ. ರಸ್ತೆಗಿಂತ ಎತ್ತರದ ದಿಬ್ಬ, ಎದುರಿಗೆ ದಪ್ಪ ಮರಗಳ ಸಾಲು, ಹಿಂದೆ ಓಡಲು ಜಾಗ, ಇವಿದ್ದರೆ ಅದು ನಿಲ್ಲಲು ತಕ್ಕ ಸ್ಥಳ. ರಸ್ತೆಗಿಂತ ತಗ್ಗಿನಲ್ಲಿ, ಕವಲುದಾರಿಯ ನೇರಕ್ಕೆ, ಕಾರು ನೆಗೆಯುವ ದಿಬ್ಬದ ಆಚೆ, ಕಟ್ಟಿದ ಟೇಪಿನ ಆಚೆ ನಿಲ್ಲುವುದು ಬೇಡ. ನೆಲದ ಮೇಲೆ ಕೂತರೆ ಏಳುವಷ್ಟು ವ್ಯವಧಾನ ಸಿಗುವುದಿಲ್ಲ. ಕಾರಿಗಿಂತ ಮೊದಲು ಬರುವುದು ಅದರ ಸದ್ದು. ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಂಡವರಿಗೆ ಅದು ಕೇಳಿಸುವುದಿಲ್ಲ. ಚಕ್ರದಡಿಯ ಜಲ್ಲಿ ಗುಂಡಿನಂತೆ ಸಿಡಿಯುವುದರಿಂದ ಕ್ಯಾಮೆರಾಗೆ ಕಣ್ಣಿಟ್ಟವರು ಇನ್ನಷ್ಟು ಹಿಂದೆ ಇರಬೇಕು. ಮಾರ್ಷಲ್ ಹೋಗಿರೆಂದರೆ ಕಾರಣ ಕೇಳದೆ ಹೋಗಬೇಕು. ಜನ ಮಾತು ಕೇಳದಿದ್ದರೆ ಆ ಸ್ಟೇಜನ್ನೇ ರದ್ದು ಮಾಡುವ ಅಧಿಕಾರ ಸಂಘಟಕರಿಗಿದೆ.

ಕಾರು ಪಲ್ಟಿಯಾದರೆ ಓಡಿಹೋಗಿ ಎತ್ತಲು ಧಾವಿಸುವುದು ನಮ್ಮ ಜನರ ಒಳ್ಳೆಯ ಗುಣ. ಆದರೆ ಮೊದಲು ಹಿಂದೆ ಬರುವ ಕಾರಿಗೆ ಎಚ್ಚರಿಕೆ ಹೋಗಬೇಕು. ಸಿಬ್ಬಂದಿಗೆ ಪೆಟ್ಟಾಗಿದ್ದರೆ ಕೆಂಪು ಬಣ್ಣದ ‘ಎಸ್‌ಒಎಸ್’ ಫಲಕ, ಕ್ಷೇಮವಾಗಿದ್ದರೆ ‘ಓಕೆ’ ಫಲಕ ತೋರಿಸುತ್ತಾರೆ. ಓಕೆ ಫಲಕ ಕಂಡರೆ ಪ್ರೇಕ್ಷಕರ ಕೆಲಸ ದೂರ ನಿಲ್ಲುವುದಷ್ಟೇ. ಎಸ್‌ಒಎಸ್ ಕಂಡರೆ ಹತ್ತಿರದ ಮಾರ್ಷಲ್‌ಗೆ ಕೂಡಲೇ ತಿಳಿಸಬೇಕು.

ತೋಟದವರ ಕಣ್ಣಿನಲ್ಲಿ

ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾದ್ದು ಅದರ ಹಿಂದೆ. ವರ್ಷದ ಕೊನೆಯ ತಿಂಗಳುಗಳಲ್ಲಿ ರ್ಯಾಲಿ ನಡೆದರೆ ಅದು ತೋಟದವರಿಗೆ ಅತ್ಯಂತ ಬಿಡುವಿಲ್ಲದ ಕಾಲ. ಹಣ್ಣು ತುಂಬಿ ಬಾಗಿದ ಕೊಂಬೆಯನ್ನು ದೃಶ್ಯ ಕಾಣಲೆಂದು ಮುರಿದರೆ ಅದು ಒಬ್ಬರ ವರ್ಷದ ದುಡಿಮೆ. ಕಾಫಿ ಒಣಗಿಸುವ ಕಣದಲ್ಲಿ ಕಾರು ನಿಲ್ಲಿಸಿದವರನ್ನು ತೋಟದವರು ಬೈದರೆ ತಪ್ಪು ಬೈದವರದ್ದಲ್ಲ. ಕಾರ್ಮಿಕರ ಲೈನ್ ಮನೆಗಳ ಮುಂದೆ ಮಕ್ಕಳು ಆಡುತ್ತಿರುತ್ತಾರೆ. ರ್ಯಾಲಿ ನೋಡಿದ ಹುಮ್ಮಸ್ಸಿನಲ್ಲಿ ತಮ್ಮ ಕಾರನ್ನೂ ಅದೇ ವೇಗದಲ್ಲಿ ಓಡಿಸುವ ಯುವಕರು ಮುಚ್ಚಿದ ರಸ್ತೆಯ ಸ್ಪರ್ಧಿಗಿಂತ ಹೆಚ್ಚು ಅಪಾಯಕಾರಿ. ಬೇಸಿಗೆಯಾದರೆ ಬೀಡಿ, ಸಿಗರೇಟಿನ ಒಂದು ಕಿಡಿ ಸಾಕು. ಮಳೆ ಹಿಡಿದ ಕಾಲವಾದರೆ ಉಂಬಳದ ಕಾಟ. ಉಪ್ಪು ಅಥವಾ ಸುಣ್ಣ ಜೊತೆಗಿರಲಿ. ಕುಡಿಯುವ ನೀರು, ಬುತ್ತಿ, ಧೂಳಿಗೆ ಬಟ್ಟೆ ಮನೆಯಿಂದಲೇ ಒಯ್ಯಬೇಕು. ಖಾಲಿ ಬಾಟಲಿ ಮನೆಗೇ ಮರಳಬೇಕು. ತೋಟದೊಳಗೆ ಮೊಬೈಲ್ ಸಂಪರ್ಕ ಸಿಗದಿರುವ ಸಾಧ್ಯತೆ ಹೆಚ್ಚಿರುವುದರಿಂದ ಗುಂಪಿನಲ್ಲಿ ಬಂದವರು ಸೇರುವ ಜಾಗ, ವೇಳೆಯನ್ನು ಮೊದಲೇ ಮಾತಾಡಿಕೊಂಡಿರಬೇಕು.

ಆನೆಯ ಪ್ರಶ್ನೆ ಇಲ್ಲಿಯೂ ಇದೆ. ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಳಿಗೆ ಕಾಡಾನೆಗಳು ಬರುವುದು ಹೊಸತಲ್ಲ. ತೋಟದ ಕಾರ್ಮಿಕರು ಆನೆ ದಾಳಿಗೆ ಬಲಿಯಾದ ಸುದ್ದಿ ಪ್ರತಿ ವರ್ಷವೂ ಬರುತ್ತಿದೆ. ಸ್ಟೇಜ್ ಮುಗಿದು, ಹಿಂದಿನ ಸ್ಪರ್ಧಿಗಳೆಲ್ಲ ಹೋದರೆಂದು ಖಚಿತಪಡಿಸುವ ಸ್ವೀಪರ್ ಕಾರು ಹಾದುಹೋಗಿ, ಮಾರ್ಷಲ್ ರಸ್ತೆ ತೆರೆದನೆಂದ ಮೇಲೆ ತೋಟದಲ್ಲಿ ಉಳಿಯದೆ ಬೆಳಕಿರುವಾಗಲೇ ಮುಖ್ಯ ರಸ್ತೆ ಸೇರಬೇಕು. ಅದೇ ಪ್ರಯಾಣದಲ್ಲಿ ಬಂಡೀಪುರದ ಕಡೆಗೂ ಹೋಗಿ ಬರುವ ಯೋಚನೆಯಿದ್ದರೆ, ಅಲ್ಲಿನ ಹೆದ್ದಾರಿಗಳಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ವಿರೂಪಾಕ್ಷಿಪುರದ ಕಡೆಯ ಹಳ್ಳಿಗಳಿಗೆ ಮರಳುವವರಿಗೆ ಇಷ್ಟನ್ನು ಬಿಡಿಸಿ ಹೇಳಬೇಕಿಲ್ಲ. ಹೊತ್ತು ಮೀರಿ ಚನ್ನಪಟ್ಟಣ ತಲುಪಿದರೆ ಊರಿಗೆ ಫೋನು ಮಾಡಿ, ಆನೆ ಯಾವ ಕಡೆ ಇದೆಯೆಂದು ಕೇಳಿಕೊಂಡೇ ಅವರು ಮುಂದಕ್ಕೆ ಹೊರಡುತ್ತಾರೆ.